ತಾಮ್ರದ ದಿಬ್ಬ ದಾಟಿ ಹುಲ್ಲಿನ ನೆತ್ತಿಗೆ

ಚಿತ್ರದುರ್ಗದ ಕೋಟೆ ನೋಡಲು ಬಂದವರು ಪಕ್ಕದ ಇಂಗಳದಾಳಿನತ್ತ ತಲೆ ಹಾಕುವುದು ಅಪರೂಪ. ತಾಮ್ರದ ಗಣಿಯಿದ್ದ ಊರದು. ಅಲ್ಲಿ ದುಡಿದಿದ್ದ ಸೋದರಮಾವನ ಜೊತೆ ಕಾರ್ತಿಕದ ಒಂದು ಬೆಳಿಗ್ಗೆ ಗುಡ್ಡ ಹತ್ತಿದೆ.

ಮಾವನ ಕಣ್ಣೆಲ್ಲ ನೆಲದ ಮೇಲೆಯೇ. ಕಪ್ಪನೆಯ ಕಲ್ಲೊಂದನ್ನು ಎತ್ತಿ ಕೈಗಿಟ್ಟರು. ಬಿರುಕಿನೊಳಗೆ ಹಸಿರು ಪದರ. "ಪಾಚಿಯಲ್ಲ ಕಣಪ್ಪ, ತಾಮ್ರ. ಗಾಳಿ, ನೀರು ತಾಗಿ ಹೀಗಾಗುತ್ತದೆ. ಒಳಗಿನ ಅದಿರು ಹಿತ್ತಾಳೆಯ ಹಾಗೆ ಹೊಳೆಯುತ್ತದೆ." ಈ ಸೀಮೆಯ ಕಲ್ಲು ಸಮುದ್ರದ ತಳದಲ್ಲಿ ಉಕ್ಕಿದ ಲಾವಾ, ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅದೇ ಲಾವಾ ದಿಂಬುಗಳಂತೆ ಗಟ್ಟಿಯಾಗಿರುವುದನ್ನು ಮರಡಿಹಳ್ಳಿಯಲ್ಲಿ ನೋಡಬಹುದು.

ಮುಂದೆ ಸಿಕ್ಕಿದ್ದು ಅದಿರು ಅರೆದು ಉಳಿದ ಪುಡಿಯ ದಿಬ್ಬ. ಮಳೆಗಾಲ ಮುಗಿದು ಸುತ್ತೆಲ್ಲ ಹಸಿರಿದ್ದರೂ ಅದರ ಮೇಲೆ ಹುಲ್ಲುಕಡ್ಡಿ ಇಲ್ಲ. ಪುಡಿಯಲ್ಲಿ ಉಳಿದ ಗಂಧಕ ಗಾಳಿ, ನೀರು ತಗುಲಿ ಆಮ್ಲವಾಗುತ್ತದೆ. ಬುಡದ ಹೊಂಡದ ಅಂಚಿಗೆಲ್ಲ ತುಕ್ಕಿನ ಬಣ್ಣ. ನೋಡುತ್ತ ನಿಂತಾಗ ನನಗೆ ನಿಜಕ್ಕೂ ಸಂಕಟವಾಯಿತು.

ಏರು ದಾರಿ ಕಡಿದಾಗಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನೆತ್ತಿ ತಲುಪಿದ ಮೇಲೆ ಎಲ್ಲ ಮರೆತೆ. ಸೊಂಟದೆತ್ತರದ ಹುಲ್ಲು, ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿ, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಮಜ್ಜಿಗೆ ಹುಲ್ಲನ್ನು ಉಜ್ಜಿದರೆ ಬೆರಳಿಗೆಲ್ಲ ನಿಂಬೆಯ ಘಮ. ಪ್ಯಾಂಟಿಗೆ ಚುಚ್ಚಿಕೊಂಡ ಹುಲ್ಲಿನ ಬೀಜವೊಂದನ್ನು ಕಿತ್ತು ಅಂಗೈಯಲ್ಲಿಟ್ಟು ನೀರು ಹನಿಸಿದೆ. ಹುರಿಗೊಂಡಿದ್ದ ಅದರ ಬಾಲ ಮೆಲ್ಲಗೆ ಬಿಚ್ಚಿಕೊಳ್ಳುತ್ತ ತಿರುಗತೊಡಗಿತು. ಹೀಗೆ ತಿರುಗಿಯೇ ಅದು ಮಳೆ ಬಿದ್ದಾಗ ತನ್ನನ್ನು ತಾನು ಮಣ್ಣಿಗೆ ಕೊರೆದುಕೊಳ್ಳುತ್ತದೆ.

ಕರಿ ಕುರಿಗಳ ಹಿಂಡಿನೊಂದಿಗೆ ಕಂಬಳಿ ಹೊದ್ದ ಹಿರಿಯರೊಬ್ಬರು ಬಂದರು. "ಈ ಬೀಜ ಬಲಿಯುವ ಮುಂಚೆಯೇ ಮೇಯಿಸಿಬಿಡಬೇಕು, ಸ್ವಾಮಿ. ಆಮೇಲೆ ಉಣ್ಣೆ ಹೊಕ್ಕು ಚರ್ಮಕ್ಕೇ ಚುಚ್ಚುತ್ತದೆ" ಎಂದರು. ಕೆಳಗಿನ ಹೊಂಡದ ಮಾತು ಬಂದಾಗ ಮುಖ ಗಂಟಿಕ್ಕಿದರು. ಆ ನೀರಿಗೆ ಕುರಿ ಬಾಯಿ ಹಾಕದಂತೆ ದಿನವೂ ಗುಡ್ಡವನ್ನು ಬಳಸಿಕೊಂಡೇ ಇಳಿಯುತ್ತಾರಂತೆ.

ತಾಮ್ರದ ಲಾಭ ಕಂಡವರು ಬೇರೆ, ಈ ಸುತ್ತು ಇವರ ಪಾಲಿಗೇಕೆ? ದಿಬ್ಬಕ್ಕೆ ಮಣ್ಣು ಹೊದಿಸಿ ಇದೇ ನೆತ್ತಿಯ ಬೀಜ ಚೆಲ್ಲಬಾರದೇ ಎಂದು ಇಳಿಯುವಾಗ ಮಾವನನ್ನು ಕೇಳಿದೆ.

"ಬರೀ ಮಣ್ಣು ಸಾಲದು. ಹುಳಿ ಮುರಿಯಲು ಮೊದಲು ಸುಣ್ಣ ಬೆರೆಸಬೇಕು" ಎಂದರು ಮಾವ. "ಸುಣ್ಣದ ಕಲ್ಲಿಗೇನು, ಹೊಸದುರ್ಗದ ಕಡೆ ಬೇಕಾದಷ್ಟಿದೆ."