ನ್ಯೂಟನ್ ಊರಿನ ಅಜ್ಜಿ

ಮ್ಯಾಗಝೀನ್ ಕಮಿಟಿಯವರು ನಮ್ಮ ಬ್ಯಾಚ್ ಗ್ರೂಪಲ್ಲಿ "ನಿಮಗೆ ಕಲಿಸಿದವರ ಬಗ್ಗೆ ಬರೀರಿ" ಅಂತ ಹಾಕಿದ್ರು. ಮೆಕ್ಯಾನಿಕಲ್ ಡಿಪಾರ್ಟ್‌ಮೆಂಟಿನ ಸರ್‌ಗಳ ಬಗ್ಗೆ ಉಳಿದವರು ಬರೀತಾರೆ, ಬರೀಲೇಬೇಕು, ಆದ್ರೆ ನಾನು ಈ ಕಾಲೇಜು ಬಿಟ್ಟಮೇಲೆ ಸಿಕ್ಕಿದ ಒಬ್ರು ಟೀಚರ್ ಬಗ್ಗೆ ಬರೀತೀನಿ. ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ನ್ಯೂಟನ್ ಅಂತ ಸಣ್ಣ ಊರು, ಅಲ್ಲಿದ್ದ ಮೆನೊನೈಟ್ ಅನ್ನೋ ಕ್ರಿಶ್ಚಿಯನ್ ಪಂಥದ ಅಜ್ಜಿ. ತೊಂಬತ್ತು ದಾಟಿದ ಮೇಲೆ ತೀರಿಕೊಂಡ್ರು. ಹೆಸರು ಬರೆಯಲ್ಲ, ತಮ್ಮ ಹೆಸರು ಎಲ್ಲಾದ್ರೂ ಪ್ರಿಂಟ್ ಆಗೋದು ಅವರಿಗೆ ಇಷ್ಟ ಇರ್ಲಿಲ್ಲ.

ನಾನು ಎಂಎಸ್ ಮಾಡೋಕೆ ಹೋಗಿದ್ದು ವಿಚಿಟಾಕ್ಕೆ, ಸೆಸ್ನಾ, ಬೀಚ್‌ಕ್ರಾಫ್ಟ್ ವಿಮಾನ ತಯಾರಾಗೋ ಊರು ಅದು, ಏರೋಸ್ಪೇಸ್ ಹುಚ್ಚು ಇದ್ದವರಿಗೆ ಸ್ವರ್ಗ. ನ್ಯೂಟನ್ ಅಲ್ಲಿಂದ ಉತ್ತರಕ್ಕೆ ನಲವತ್ತು ಕಿಲೋಮೀಟರ್ ಹತ್ರ. ರಜೆಗೆ ಎಲ್ಲೂ ಹೋಗೋಕೆ ಜಾಗ ಇಲ್ಲದ ಹೊರದೇಶದ ಹುಡುಗರನ್ನ ಮನೆಗೆ ಊಟಕ್ಕೆ ಕರೆಯೋ ಪದ್ಧತಿ ಅಲ್ಲಿ ಇದೆ, ಹಾಗೆ ನನಗೆ ಅಜ್ಜಿ ಮನೆ ಸಿಕ್ತು. ನಾನು ಮಾಂಸ ತಿನ್ನಲ್ಲ ಅಂತ ಯಾರೋ ಮೊದಲೇ ಹೇಳಿದ್ರು ಅನ್ಸುತ್ತೆ, ವೆರೆನಿಕೆ ಅಂತ, ಹಿಟ್ಟಿನೊಳಗೆ ಕಾಟೇಜ್ ಚೀಸ್ ತುಂಬಿ ಬೇಯಿಸೋ ತಿಂಡಿ, ಅದಕ್ಕೆ ಅವರು ಯಾವಾಗ್ಲೂ ಹಂದಿ ಮಾಂಸದ ಗ್ರೇವಿ ಹಾಕ್ಕೊಳ್ಳೋರು, ನನಗೆ ಮಾತ್ರ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಲ್ಲಿ, ಬರೀ ಕ್ರೀಮ್ ಗ್ರೇವಿ. ಬೇರೆ ಸೌಟು ಬೇಕು ಅಂತ ನಾನು ಕೇಳಿರ್ಲಿಲ್ಲ.

ಮೆನೊನೈಟ್ ಅಂದ್ರೆ ಕುದುರೆ ಗಾಡಿ ಓಡಿಸೋರು ಅಂತ ಅಂದ್ಕೊಂಡಿದ್ದೆ, ಅಂಥವರೂ ಇದ್ದಾರೆ, ಆದ್ರೆ ಈ ಅಜ್ಜಿ ಎಂಬತ್ತು ದಾಟಿದ ಮೇಲೂ ಕಾರ್ ಓಡಿಸ್ತಿದ್ರು. 1525ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ ಪಂಥ ಇವರದು. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸ್ಬಾರದು, ಬುದ್ಧಿ ಬಂದಮೇಲೆ ಮನುಷ್ಯ ತಾನಾಗಿ ಒಪ್ಪಿ ತಗೋಬೇಕು ಅನ್ನೋದು ಒಂದು, ಕತ್ತಿ ಹಿಡೀಬಾರದು ಅನ್ನೋದು ಇನ್ನೊಂದು. ಇಷ್ಟಕ್ಕೇ ಇವರನ್ನ ನೀರಲ್ಲಿ ಮುಳುಗಿಸಿ, ಬೆಂಕಿಗೆ ಹಾಕಿ ಕೊಂದಿದ್ದಾರೆ. 1536ರಲ್ಲಿ ಪಾದ್ರಿ ಕೆಲಸ ಬಿಟ್ಟು ಇವರ ಜೊತೆ ಸೇರಿದ ಮೆನೋ ಸೈಮನ್ಸ್ ಹೆಸರೇ ಪಂಥಕ್ಕೆ ಉಳೀತು. ಅಜ್ಜಿಯ ಹಿರೀಕರು ಈಗಿನ ಉಕ್ರೇನ್‌ನ ದಕ್ಷಿಣ ಭಾಗದ ಮೊಲೊಚ್ನಾ ಕಡೆಯ ಅಲೆಕ್ಸಾಂಡರ್‌ವೋಲ್ ಅನ್ನೋ ಹಳ್ಳಿಯವರು. ರಷ್ಯಾದ ಚಕ್ರವರ್ತಿ ಎಲ್ಲರೂ ಸೈನ್ಯಕ್ಕೆ ಸೇರ್ಬೇಕು ಅಂತ ಕಾನೂನು ತಂದಾಗ, 1874ರಲ್ಲಿ, ಹೆಚ್ಚುಕಡಿಮೆ ಇಡೀ ಹಳ್ಳಿಗೆ ಹಳ್ಳಿನೇ ಗಂಟುಮೂಟೆ ಕಟ್ಟಿ ಹಡಗು ಹತ್ತಿ ಕನ್ಸಾಸ್‌ಗೆ ಬಂತು. ಟರ್ಕಿ ರೆಡ್ ಅನ್ನೋ ಚಳಿಗಾಲದ ಗೋಧಿ ಬೀಜಾನೂ ಜೊತೆಗೆ ತಂದ್ರು, ಕನ್ಸಾಸ್ ಗೋಧಿ ನಾಡು ಆಗಿದ್ದರಲ್ಲಿ ಆ ಬೀಜದ ಪಾಲು ದೊಡ್ಡದು.

ಅಜ್ಜಿ ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು, ಮದುವೆ ಆಗಿರ್ಲಿಲ್ಲ. 2003ರಲ್ಲಿ ಇರಾಕ್ ಯುದ್ಧ ಶುರುವಾದಾಗ ನಾನು ಊಟದ ಟೇಬಲ್ಲಲ್ಲೇ ಕೇಳಿದೆ, ಯುದ್ಧನೇ ಬೇಡ ಅಂದ್ರೆ ಹಿಟ್ಲರನಂಥವನನ್ನ ಯಾರು ನಿಲ್ಸೋದು ಅಂತ. ವಾದ ಮಾಡ್ಲಿಲ್ಲ, ಎರಡು ವಿಷಯ ಹೇಳಿದ್ರು. ಒಂದು, ಪಕ್ಕದ ಬರ್ಟನ್ ಊರಿನ ಜಾನ್ ಶ್ರಾಗ್ ಅನ್ನೋ ರೈತನ ಕಥೆ. 1918ರ ನವೆಂಬರ್ 11, ಮೊದಲನೇ ಮಹಾಯುದ್ಧ ಮುಗಿದ ದಿನ, ಯುದ್ಧದ ಖರ್ಚಿಗೆ ಸರ್ಕಾರ ಮಾರ್ತಿದ್ದ ಬಾಂಡ್ ಈತ ತಗೊಂಡಿಲ್ಲ ಅಂತ ಜನ ಎಳ್ಕೊಂಡು ಬಂದು, ಮೈಮೇಲೆ ಹಳದಿ ಪೇಂಟ್ ಸುರಿದು, ನೇಣು ಹಾಕೋಕೂ ಹೊರಟಿದ್ರು, ಅವನು ಯಾರ ಮೇಲೂ ಕೈ ಎತ್ತಲಿಲ್ಲ. ಅಜ್ಜಿಯ ಅಪ್ಪ ಈ ಕಥೆನ ಮಕ್ಕಳಿಗೆ ಹೇಳೇ ಬೆಳೆಸಿದ್ದು. ಇನ್ನೊಂದು ಅಣ್ಣನ ವಿಷಯ. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಅಂದ ಸುಮಾರು 12,000 ಹುಡುಗರನ್ನ ಸರ್ಕಾರ ಸಂಬಳ ಇಲ್ಲದ ಕೆಲಸಕ್ಕೆ ಹಾಕ್ತು, ಕಾಡಿನ ಬೆಂಕಿ ಆರಿಸೋದು, ಮಣ್ಣು ಕೊಚ್ಚಿ ಹೋಗದ ಹಾಗೆ ಒಡ್ಡು ಹಾಕೋದು, ಹುಚ್ಚಾಸ್ಪತ್ರೆಯಲ್ಲಿ ಸೇವೆ. ಅಣ್ಣ ಹುಚ್ಚಾಸ್ಪತ್ರೆಗೆ ಹೋದ. ರೋಗಿಗಳನ್ನ ಕಟ್ಟಿ ಹಾಕ್ತಿದ್ರು, ಹೊಡೀತಿದ್ರು, ಆ ಹುಡುಗರು ಅದನ್ನ ನೋಡಿ ಬಂದು ಸುಮ್ನೆ ಕೂರಲಿಲ್ಲ, ಮೆನೊನೈಟರೇ ಸೇರಿ ಮಾನಸಿಕ ಆಸ್ಪತ್ರೆಗಳನ್ನ ಕಟ್ಟಿದ್ರು, ನ್ಯೂಟನ್‌ನಲ್ಲಿರೋ ಪ್ರೇರಿ ವ್ಯೂ 1954ರಲ್ಲಿ ಶುರುವಾಗಿದ್ದು ಹಾಗೆ. ನನ್ನ ಪ್ರಶ್ನೆಗೆ ಇದು ಪೂರ್ತಿ ಉತ್ತರ ಅಲ್ಲ, ಇವತ್ತಿಗೂ ನಾನು ಅವರ ಮಾತನ್ನ ಪೂರ್ತಿ ಒಪ್ಪಲ್ಲ. ಆದ್ರೆ ಒಪ್ಪಿದ್ದನ್ನ ಇಷ್ಟು ನಿಯತ್ತಾಗಿ ಬದುಕಿದ ಇನ್ನೊಬ್ಬರನ್ನ ನಾನು ನೋಡಿಲ್ಲ. ಫೋನ್ ಬಿಲ್ಲಲ್ಲಿ ಒಂದು ಸಣ್ಣ ಫೆಡರಲ್ ಟ್ಯಾಕ್ಸ್ ಇರ್ತಿತ್ತು, ಯುದ್ಧದ ಖರ್ಚಿಗೆ ಅಂತ ಏರಿಸಿದ್ದು, ವಿಯೆಟ್ನಾಂ ಕಾಲದಿಂದ ಅಜ್ಜಿ ಅದೊಂದನ್ನ ಕಳೆದು ಚೆಕ್ ಬರೀತಿದ್ರು, ಜೊತೆಗೆ ಯಾಕೆ ಕೊಡ್ತಿಲ್ಲ ಅಂತ ಕೈಬರಹದಲ್ಲಿ ನಾಲ್ಕು ಸಾಲು, ಕಳೆದ ದುಡ್ಡು ಎಂಸಿಸಿಗೆ. ಎಂಸಿಸಿ ಅಂದ್ರೆ ಮೆನೊನೈಟ್ ಸೆಂಟ್ರಲ್ ಕಮಿಟಿ, ರಷ್ಯಾ ಕಡೆ ಬರಗಾಲ ಬಂದಾಗ 1920ರಲ್ಲಿ ಇವರು ಮಾಡಿಕೊಂಡ ಪರಿಹಾರ ಸಂಸ್ಥೆ.

ವಾರಕ್ಕೊಂದು ದಿನ ಚರ್ಚಿನ ಕೆಳಗಿನ ಹಾಲಲ್ಲಿ ಆ ಎಂಸಿಸಿಗೆ ಅಂತ ಕಂಫರ್ಟರ್ ಹೊಲಿಯೋರು, ನಾನೂ ಹೋಗಿ ಕೂರ್ತಿದ್ದೆ. ನಮ್ಮ ಗದಗಿನ ಕಡೆ ಅವ್ವ ಹೊಲಿಯೋ ಕೌದಿ ಇದೆಯಲ್ಲ, ಹಾಗೇ, ಹಳೇ ಬಟ್ಟೆ ತುಂಡು ಜೋಡಿಸಿ ಮೇಲಿನ ಪದರ, ನಡುವೆ ಹತ್ತಿ, ಕೆಳಗೆ ಒಂದು ಗಟ್ಟಿ ಬಟ್ಟೆ. ಅಳತೆ 60 ಇಂಚು ಅಗಲ, 80 ಇಂಚು ಉದ್ದ. ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ಸುತ್ತ ಎಲ್ಲರೂ ಕೂತು, ದಪ್ಪ ದಾರ ಪೋಣಿಸಿದ ಸೂಜಿನ ಮೂರೂ ಪದರ ದಾಟಿಸಿ ಮೇಲೆ ತೆಗೆದು ಗಂಟು ಹಾಕ್ಬೇಕು. ಅಜ್ಜಿ ನನ್ನ ಬೆರಳು ಹಿಡಿದು ತೋರಿಸಿದ್ರು, ಬಲದ ಎಳೆ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ, ಆಗ ಎಷ್ಟು ಒಗೆದ್ರೂ ಬಿಚ್ಚಲ್ಲ. ಪ್ರತಿ ಗಂಟನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡೋರು. ಜೋರ್ಡನ್, ಸಿರಿಯಾ ಕಡೆ ಗುಡಾರದಲ್ಲಿ ಮಲಗೋ ಜನಕ್ಕೆ ಹೋಗೋದು ಇದು, ಸಡಿಲ ಇದ್ರೆ ಅಲ್ಲಿ ಸರಿ ಮಾಡೋರು ಯಾರು ಅಂತ.

ನನ್ನನ್ನ ಕ್ರಿಶ್ಚಿಯನ್ ಆಗು ಅಂತ ಒಂದು ಸಲನೂ ಹೇಳ್ಲಿಲ್ಲ, ಇದನ್ನ ಬರೀಲೇಬೇಕು.

ಕಡೆಗೆ ಕಿಡ್ನಿ ಹೋಯ್ತು. ಡಯಾಲಿಸಿಸ್ ಬೇಡ ಅಂದ್ರು, ಮನೆಯಲ್ಲೇ ಇರ್ತೀನಿ ಅಂದ್ರು. ನಾನಾಗ ಡಲ್ಲಾಸಲ್ಲಿ ಕೆಲಸಕ್ಕಿದ್ದೆ, ಅವರ ತಮ್ಮನ ಮಗಳು ಫೋನ್ ಮಾಡಿದ್ರು, ಹೊರಟು ಹೋದೆ. ಮಂಚದ ಸುತ್ತ ಚರ್ಚಿನವರು ನಿಂತು ಹಾಡ್ತಿದ್ರು, ವಾದ್ಯ ಏನೂ ಇಲ್ಲ, ನಾಲ್ಕು ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ, ಇವರು ಚಿಕ್ಕಂದಿನಿಂದ ಹಾಗೇ ಕಲಿಯೋದು. ತಗ್ಗಿನ ಸ್ವರ ಹಿಡಿದು ಅಜ್ಜಿ ತುಟಿ ಅಲ್ಲಾಡ್ತಿತ್ತು. ಎರಡು ದಿನಕ್ಕೆ ಹೋದ್ರು.

ಮಣ್ಣು ಬೆಳಿಗ್ಗೆನೇ ಆಯ್ತು, ಮನೆಯವರು ಮಾತ್ರ, ನನ್ನನ್ನೂ ಕರೆದ್ರು. ಪಾಲಿಶ್ ಇಲ್ಲದ ಸಾದಾ ಮರದ ಪೆಟ್ಟಿಗೆ, ಸಲಿಕೆ ಕೈಯಿಂದ ಕೈಗೆ ಹೋಯ್ತು, ಮಣ್ಣೆಲ್ಲ ನಾವೇ ಹಾಕಿದ್ವಿ. ಹೂವು ಬೇಡ, ಕೊಡೋರು ಎಂಸಿಸಿಗೆ ಕೊಡಿ ಅಂತ ಮೊದಲೇ ಬರೆದಿಟ್ಟಿದ್ರು. ಮಧ್ಯಾಹ್ನ ಚರ್ಚಲ್ಲಿ ಪ್ರಾರ್ಥನೆ, ಆಮೇಲೆ ಫಾಸ್ಪಾ, ಅಂದ್ರೆ ಒಂದರ ಮೇಲೊಂದು ಕೂರಿಸಿದ ಸ್ವೀಬಾಕ್ ಬನ್ನು, ಚೀಸು, ಕಾಫಿ, ಕಚ್ಚಿಕೊಂಡು ಕುಡಿಯೋಕೆ ಸಕ್ಕರೆ ತುಂಡು. ಯಾರು ಬೇಕಾದ್ರೂ ಮೈಕ್ ಹತ್ರ ಹೋಗಿ ಮಾತಾಡ್ಬಹುದಿತ್ತು. ಅರವತ್ತು ದಾಟಿದ ಒಬ್ರು, ಅಜ್ಜಿ ಹತ್ರ ಮೂರನೇ ಕ್ಲಾಸ್ ಓದಿದವರು, ಓದೋಕೆ ಬರದ ತಮ್ಮನ್ನ ಅಜ್ಜಿ ಒಂದು ಇಡೀ ಬೇಸಿಗೆ ಮನೆಗೆ ಕರೆಸಿ ಓದಿಸಿದ್ದನ್ನ ಹೇಳ್ತಾ ಅತ್ತೇಬಿಟ್ರು. ನನಗೆ ಮೈಕ್ ಹಿಡಿಯೋಕೆ ಆಗ್ಲಿಲ್ಲ.

ಕಾಫಿ ಹಿಡ್ಕೊಂಡು ಕೂತಿದ್ದಾಗ ವೀಲ್‌ಚೇರಲ್ಲಿ ಒಬ್ರು ಮುದುಕಿ ಹತ್ರ ಬಂದು "ಖಾನಾ ಖಾಯಾ, ಬೇಟಾ?" ಅಂದ್ರು. ಬೆಚ್ಚಿಬಿದ್ದೆ. ಅಜ್ಜಿಯ ಕಸಿನ್ ಅಂತೆ, ಈಗಿನ ಛತ್ತೀಸಗಢದ ಚಾಂಪಾದಲ್ಲಿ ಮೆನೊನೈಟರ ಕುಷ್ಠರೋಗದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ರಂತೆ. ಅಜ್ಜಿ ಅವರಿಗೆ ಹಳೇ ಬೆಡ್‌ಶೀಟ್ ಒಗೆದು, ಹರಿದು, ಬಿಗಿಯಾಗಿ ಸುತ್ತಿ, ಬ್ಯಾಂಡೇಜ್ ಮಾಡಿ ಪೆಟ್ಟಿಗೆ ಪೆಟ್ಟಿಗೆ ಕಳಿಸ್ತಿದ್ರಂತೆ, ಜೊತೆಗೆ ಪ್ರತಿ ತಿಂಗಳ ಸಂಬಳದಲ್ಲಿ ಒಂದು ಪಾಲು. ಇಂಡಿಯಾದಿಂದ ಬಂದ ನಾನು ಅಷ್ಟು ಸಲ ಅವರ ಟೇಬಲ್ಲಲ್ಲಿ ಕೂತು ಉಂಡಿದ್ದೀನಿ, ನಮ್ಮ ದೇಶದ ಬಗ್ಗೆ ಗಂಟೆಗಟ್ಟಲೆ ಕೇಳಿದ್ದಾರೆ, ಇದೊಂದನ್ನ ಮಾತ್ರ ಬಾಯಿ ಬಿಟ್ಟಿರ್ಲಿಲ್ಲ.