ಪಂಪಿಗೆ ದುಡ್ಡುಂಟು, ಜಾಲರಿಗಿಲ್ಲ

ಪಂಪಿಗೆ ಕಸ ಹೋಗದಂತೆ ತಡೆಯುವ ಜಾಲರಿ ಕೊನೆಗೂ ಕೂತಿತು! ಮೊನ್ನೆಯ ಜೋರು ಮಳೆಯಲ್ಲೂ ಪಂಪ್ ನಿಲ್ಲಲಿಲ್ಲ. ಇಳಿಜಾರು ಹಾಸಿನ ಮೇಲೆ ಬಲೆ ಹಾಸಿ, ಅದಕ್ಕೆ ಪಾಚಿ ಹತ್ತಿಸಿ, ಮೇಲೆ ಕೊಳೆನೀರು ಹರಿಸಿದರೆ ನೀರಿನ ರಂಜಕವನ್ನು ಪಾಚಿ ಹೀರಿಕೊಳ್ಳುತ್ತದೆ; ನಮ್ಮ ಲೇಔಟಿನಲ್ಲಿ ಮಾಡ್ತಿರೋದು ಇದನ್ನೇ. ಇವತ್ತಿನ ಗೋಳು ಜಾಲರಿ ಮತ್ತು ಅದರ ದುಡ್ಡಿನದ್ದು.

ನಮ್ಮ ಲೇಔಟಿನ ಮಳೆನೀರು ಬೆಳಗಾವಿಯ ಬಳ್ಳಾರಿ ನಾಲಾ ಅನ್ನೋ ಹಳ್ಳ ಸೇರುವ ಮೊದಲು ಒಂದಿಷ್ಟನ್ನು ಎತ್ತಿ ಪಾಚಿ ಹಾಸಿನ ಮೇಲೆ ಹರಿಸ್ತೇವಲ್ಲ, ಆ ಎತ್ತುವ ಜಾಗವೇ ತಲೆನೋವು. ಬೇಸಿಗೆ ಮುಗಿದು ಬರುವ ಮೊದಲ ಮಳೆ ರಸ್ತೆಯ ಧೂಳು, ಎಣ್ಣೆ, ಕೂದಲು, ಗುಟ್ಕಾ ಚೀಟಿ ಎಲ್ಲ ಒಟ್ಟಿಗೆ ತರುತ್ತದೆ. ಹಳೆಯ ನೈಲಾನ್ ಜಾಲರಿ ನೀರಿಗೆ ಅಡ್ಡ ನಿಂತಿತ್ತು. ಕಸ ಹಿಡಿದು ಜೋಳಿಗೆಯಂತೆ ಉಬ್ಬಿ, ನೀರು ಮೇಲಿಂದ ಹಾರಿ, ಚೀಟಿಯೆಲ್ಲ ಪಂಪಿನೊಳಗೆ ತಿರುಗುವ ಇಂಪೆಲ್ಲರಿಗೆ ಸುತ್ತಿಕೊಂಡು ಮೋಟಾರಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಡುತ್ತಿತ್ತು. ಪಂಪ್ ನಿಂತರೆ ಮಳೆ ಬಿಟ್ಟು ಬಿಸಿಲು ಬಂದ ಕೂಡಲೇ ಪಾಚಿ ಒಣಗಿ ಹಪ್ಪಳ.

ಆನ್‌ಲೈನಿನಲ್ಲಿ ಸ್ಟೀಲ್ ಜಾಲರಿ ತರಿಸಿದರೆ ಬಂದದ್ದು ಸೊಳ್ಳೆ ಪರದೆ. ವಾಪಸ್ ಕಳಿಸೋ ಖರ್ಚೂ ನಮ್ಮದೇ ಅಂತೆ! ಕೊನೆಗೆ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಬ್ಬ ಫ್ಯಾಬ್ರಿಕೇಟರ್ ಸ್ಟೇನ್‌ಲೆಸ್ ಪಟ್ಟಿಗಳನ್ನು ನೀರಿಗೆ ಅಡ್ಡಲಾಗಿ ಕೂರಿಸಿ, ಕಡಿದಾದ ಇಳಿಜಾರಿನ ಜಾಲರಿ ಮಾಡಿಕೊಡ್ತೇನೆ ಅಂದ. ನೀರು ಸಂದಿಯಲ್ಲಿ ಕೆಳಗೆ ಬೀಳುತ್ತದೆ, ಕಸ ತಾನೇ ಜಾರಿ ಬುಟ್ಟಿಗೆ ಹೋಗುತ್ತದೆ. ರೇಟು ಕೇಳಿದ ಮೇಲೆ ನಾವೆಲ್ಲ ಸುಮ್ನೆ ಚಹಾ ಕುಡಿದು ಬಂದೆವು.

ಹೊಸ ಪಂಪಿಗೆ ಅಂದರೆ ಪಟ್ಟಿ (ವಂತಿಗೆ) ಕೊಡಲು ಎಲ್ಲರೂ ತಯಾರು. ಅದಕ್ಕೆ ಕಾಯಿ ಒಡೆಯಬಹುದು, ದಾನಿಗಳ ಹೆಸರು ಬರೆಸಬಹುದು. ಜಾಲರಿಗೆ ಯಾರು ಕಾಯಿ ಒಡೀತಾರೆ? "ತಮ್ಮಾ, ಕಸಾ ಹಿಡಿಯೂದಕ್ಕ ಇಷ್ಟ ರೊಕ್ಕಾ?" ಅಂದರು ನಮ್ಮ ಓಣಿಯ ಕಾಕಾ. ಇಡೀ ಲೇಔಟಿನ ಗಣಪತಿ ಪಟ್ಟಿ ಬರೆಯೋರು ಅವರೇ, ಅವರು ಒಪ್ಪದೆ ಪೈಸೆ ಹುಟ್ಟಲ್ಲ.

ನಾನು ಪಾಚಿಯ ಪಾಠ ಬಿಟ್ಟೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ 1982ರಲ್ಲೇ ಈ ಪಾಚಿ ಹಾಸಿಗೆ ಪೇಟೆಂಟ್ ಪಡೆದದ್ದು, ಫ್ಲೋರಿಡಾದ ಇಗ್ರೆಟ್ ಮಾರ್ಷ್‌ನಲ್ಲಿ ಕಾಲುವೆ ನೀರನ್ನು ಹೀಗೇ ಪಾಚಿಯ ಮೇಲೆ ಹರಿಸೋದು, ಇದ್ಯಾವುದೂ ಕಾಕಾನ ಮುಂದೆ ನಡೆಯಲ್ಲ. ರೀವೈಂಡಿಂಗ್ ಬಿಲ್ಲುಗಳನ್ನೆಲ್ಲ ಗುಡಿಯ ಬೋರ್ಡಿಗೆ ಸಾಲಾಗಿ ಅಂಟಿಸಿ, ಪಕ್ಕಕ್ಕೆ ಜಾಲರಿಯ ಕೊಟೇಶನ್ ಹಚ್ಚಿದೆ. ಕಾಕಾ ಕನ್ನಡಕ ಏರಿಸಿ ಕೂಡಿಸಿದರು. ಬಿಲ್ಲುಗಳ ಮೊತ್ತವೇ ಜಾಸ್ತಿ. ಸಂಜೆಗೆ ಪಟ್ಟಿ ಶುರುವಾಯಿತು, ಮೊದಲ ಹೆಸರು ಅವರದೇ. ಆ ಹೆಸರನ್ನು ಜಾಲರಿಯ ಚೌಕಟ್ಟಿನ ಮೇಲೆ ಕೆತ್ತಿಸಬೇಕಂತೆ. ಕೆತ್ತಿಸಿದ್ದೇವೆ. ಕಸ ಜಾರೋದು ಸರಿಯಾಗಿ ಅದರ ಮೇಲೇ, ಅದನ್ನು ಅವರಿಗೆ ಇನ್ನೂ ಹೇಳಿಲ್ಲ.

ಬುಟ್ಟಿಯ ಕಸ ತೆಗೆಯೋ ಪಾಳಿ ಇನ್ನೂ ಜಗಳದಲ್ಲಿದೆ. ಪಾಚಿಯನ್ನಂತೂ ವಾರಕ್ಕೊಮ್ಮೆ ಕೆರೆಯಲೇಬೇಕು. ಬಿಟ್ಟರೆ ನೊಣದ ಮರಿಹುಳ ತಿಂದು ಹಾಕುತ್ತವೆ, ಉಳಿದದ್ದು ಕೊಳೆತು ಹೀರಿದ ರಂಜಕವನ್ನು ವಾಪಸ್ ನೀರಿಗೇ ಬಿಡುತ್ತದೆ.

ಅಂದಹಾಗೆ, ಕರೆಂಟ್ ಹೋದಾಗ ಹಾಸು ಒಣಗದಂತೆ ಸೋಲಾರ್ ಪ್ಯಾನಲ್‌ಗೆ ಒಂದು ಚಿಕ್ಕ ಡಿಸಿ ಪಂಪ್ ಜೋಡಿಸೋ ವಿಚಾರ ಇದೆ. ಹಳೇ ಪ್ಯಾನಲ್ ಮಾರೋರು ಇದ್ದರೆ ಹೇಳಿ. ವಿಜಯಪುರ ಕಡೆ ಇದ್ದರೂ ಬಂದು ಒಯ್ತೇನೆ. ಪಾರ್ಸೆಲ್ ಮಾತ್ರ ಬೇಡ.