ಅಮ್ಮನ ಮೂರೂವರೆ ಗಂಟೆ

"ಅಲ್ಲಿ ಈಗ ಎಷ್ಟು ಗಂಟೆ ಕಣೋ?"

ನಾನು ಯುರೋಪಿನಲ್ಲಿದ್ದ ಅಷ್ಟೂ ದಿನ ಅಮ್ಮನ ಫೋನು ಶುರುವಾಗಿದ್ದು ಹೀಗೆಯೇ. ಮೊದಲ ಮೂರು ದಿನ ನಾನೇ ಹೇಳಿದೆ. ನಾಲ್ಕನೇ ದಿನ ಅವಳೇ ಲೆಕ್ಕ ಹಿಡಿದುಕೊಂಡಳು. ಅರಸೀಕೆರೆಯ ನಮ್ಮನೆ ಗೋಡೆ ಗಡಿಯಾರದಲ್ಲಿ ಮೂರೂವರೆ ಕಳೆದರೆ ನನ್ನ ಟೈಮು. ಅಲ್ಲಿಂದಾಚೆಗೆ ದಿನಾ ಪೂಜೆ, ತಿಂಡಿ ಮುಗಿಸಿ ಸರಿಯಾಗಿ ಹತ್ತು ಗಂಟೆಗೆ ಫೋನು. ನನಗೆ ಬೆಳಿಗ್ಗೆ ಆರೂವರೆ. ನನಗೆ ಅಲಾರಂ ಬೇಕಾಗಲೇ ಇಲ್ಲ.

2024ರ ದಸರಾ ಮುಗಿಸಿ ಹೊರಟಿದ್ದೆ. ದೀಪಾವಳಿಗೆ ಮನೆಯಲ್ಲಿರಬೇಕು ಅನ್ನುವುದು ಅಮ್ಮನ ಷರತ್ತು. ಕೈಯಲ್ಲಿದ್ದ ದುಡ್ಡಿಗೆ ಪ್ಯಾರಿಸ್, ರೋಮ್ ಎಲ್ಲ ಆಗುವ ಮಾತಲ್ಲ. ವೀಸಾ ಫೀಸೇ ಆ ಜೂನ್‌ನಲ್ಲಿ 80ರಿಂದ 90 ಯೂರೋಗೆ ಏರಿತ್ತು. ಅದಕ್ಕೇ ಪಿರ್ನಾ, ಬೌಟ್ಸೆನ್, ಗೊರ್ಲಿಟ್ಸ್ ಅಂತ ಜರ್ಮನಿಯ ಪೂರ್ವದ ಮೂಲೆಯ ಚಿಕ್ಕ ಊರುಗಳನ್ನು ಹಿಡಿದೆ. ಚಿಕ್ಕ ಊರಿನಲ್ಲಿ ಬಸ್ಸಿನ ಖರ್ಚಿಲ್ಲ, ಕಾಲೇ ಸಾಕು. ಓಡಾಡಲು 49 ಯೂರೋದ ತಿಂಗಳ ಪಾಸು ಇತ್ತು. ದೇಶದ ಯಾವ ಮೂಲೆಗೆ ಬೇಕಾದರೂ ಹೋಗಬಹುದು, ಆದರೆ ನಿಧಾನದ ರೈಲುಗಳಲ್ಲಿ ಮಾತ್ರ. ಅದು ಚಂದಾ ಲೆಕ್ಕ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ನಾನು ಊರಿನಲ್ಲಿ ಕೂತೇ ರದ್ದು ಮಾಡಿ ಬಂದಿದ್ದೆ. ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಟ್ನಿಪುಡಿ. ರಾತ್ರಿ ಮಾತ್ರ ಬಿಸಿ ಊಟ.

ಗೊರ್ಲಿಟ್ಸ್‌ಗೆ ಬಂದಿದ್ದು ಅಕ್ಟೋಬರ್ 26ರ ಶನಿವಾರ. ಹಾಸ್ಟೆಲ್‌ನಲ್ಲಿ ಆರು ಜನರ ರೂಮು, ಒಂದು ಹಾಸಿಗೆಗೆ 24 ಯೂರೋ. ಬ್ಯಾಗ್ ಇಟ್ಟು ಹೊರಗೆ ಬಂದರೆ ಬೀದಿ ಪೂರ್ತಿ ಹಳೇ ಕಾಲದ್ದು. ಎರಡನೇ ಮಹಾಯುದ್ಧದಲ್ಲಿ ಈ ಊರಿಗೆ ಬಾಂಬು ಬಿದ್ದಿದ್ದು ತೀರಾ ಕಡಿಮೆ. ಹಾಗಾಗಿ 4000ಕ್ಕೂ ಹೆಚ್ಚು ಹಳೇ ಕಟ್ಟಡಗಳು ಉಳಿದಿವೆ. ಸಿನಿಮಾದವರು ಸೆಟ್ ಹಾಕುವ ಗೋಜಿಲ್ಲದೆ ಬಂದು ಶೂಟಿಂಗ್ ಮಾಡಿಕೊಂಡು ಹೋಗುತ್ತಾರೆ. ಇನ್ನೊಂದು ವಿಷಯ ಕೇಳಿ. 1995ರಿಂದ 2016ರವರೆಗೆ ಯಾರೋ ಒಬ್ಬರು ಹೆಸರು ಹೇಳದೆ ವರ್ಷಕ್ಕೆ ಹತ್ತು ಲಕ್ಷ ಮಾರ್ಕ್ ಈ ಹಳೇ ಊರಿನ ರಿಪೇರಿಗೆ ಕಳಿಸಿದ್ದಾರೆ. ಯೂರೋ ಬಂದ ಮೇಲೆ ಅದೇ ಬೆಲೆಯ ಯೂರೋ, 5 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮಲ್ಲಿ ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟ್ ಕೊಟ್ಟರೂ ಅದರ ಮೇಲೆ ದಾನಿಗಳ ಹೆಸರು ಇರುತ್ತದೆ, ಅಲ್ವಾ?

ಕೆಳಪೇಟೆಯ ಚೌಕದಲ್ಲಿ 22ನೇ ನಂಬರಿನ ಮನೆಗೆ ಒಂದು ಕಲ್ಲಿನ ಕಮಾನು ಬಾಗಿಲಿದೆ. ಪಿಸುಮಾತಿನ ಕಮಾನು ಅನ್ನುತ್ತಾರೆ. ಒಂದು ಬದಿಯಲ್ಲಿ ಬಾಯಿಟ್ಟು ಪಿಸುಗುಟ್ಟಿದರೆ ಮಾತು ಕಲ್ಲಿನ ತೋಡಿನಲ್ಲೇ ಹರಿದು ಇನ್ನೊಂದು ಬದಿಯವರ ಕಿವಿಗೆ ಬೀಳುತ್ತದೆ. ಸ್ಕೂಲ್ ಟೂರಿನಲ್ಲಿ ನೋಡಿದ ಬಿಜಾಪುರದ ಗೋಳಗುಮ್ಮಟ ನೆನಪಾಯಿತು. ಆದರೆ ಅಲ್ಲಿ ಪಿಸುಗುಟ್ಟಲು ಯಾರು ಬಿಡುತ್ತಾರೆ, ಬರೀ ಕಿರುಚಾಟ. ಇಲ್ಲಿ ಕಿರುಚುವವರಿರಲಿಲ್ಲ. ತೊಂದರೆ ಬೇರೆಯೇ ಇತ್ತು. ನಾನು ಒಬ್ಬನೇ. ಒಬ್ಬನೇ ತಿರುಗಾಡುವುದರಲ್ಲಿ ಎಷ್ಟೋ ಸುಖ ಇದೆ, ಆದರೆ ಈ ಕಮಾನಿಗೆ ಇಬ್ಬರು ಬೇಕೇ ಬೇಕು. ಸುಮ್ನೆ ಕಲ್ಲು ಸವರುತ್ತಾ ನಿಂತೆ. ಮೊಮ್ಮಗನನ್ನು ಕರೆದುಕೊಂಡು ಬಂದ ಒಬ್ಬ ಅಜ್ಜಿ ನನ್ನನ್ನು ನೋಡಿ ಕಿವಿ ಇಡು ಅಂತ ಸನ್ನೆ ಮಾಡಿದರು. ಹುಡುಗನಿಗೆ ಆರು ವರ್ಷ ಇರಬಹುದು. ಆಚೆ ಬದಿಯಿಂದ "ಹಲೋ" ಅಂದ. ಕಿವಿಯೊಳಗೇ ಬಂದು ಕೂತು ಹೇಳಿದ ಹಾಗೆ ಕೇಳಿಸಿತು. ಏನು ಹೇಳಬೇಕೋ ತೋಚದೆ "ಊಟ ಆಯ್ತಾ?" ಅಂದೆ. ಹುಡುಗ ಅಜ್ಜಿಯ ಮುಖ ನೋಡಿ ಕಿಸಕ್ಕನೆ ನಕ್ಕ. ಆಮೇಲೆ ತಾನೂ ಗೋಡೆಗೆ "ಊತಾಯ್ತಾ, ಊತಾಯ್ತಾ" ಅನ್ನಲು ಶುರು ಮಾಡಿದ.

ಅಲ್ಲಿಂದ ಮೇಲುಪೇಟೆಗೆ ಹೋದರೆ ಒಂದು ಚರ್ಚು, ಅದಕ್ಕೊಂದು ಸಪೂರ ಗೋಪುರ. ಊರವರು ಅದನ್ನು ‘ಸನ್ಯಾಸಿ’ ಅನ್ನುತ್ತಾರೆ. ಅದರ ಗಡಿಯಾರ ಏಳು ನಿಮಿಷ ಮುಂದೆ. ಕೆಟ್ಟಿಲ್ಲ, ಬೇಕೆಂದೇ ಹಾಗೆ ಇಟ್ಟಿದ್ದಾರೆ. ಕಥೆ ಹೀಗಿದೆ. 1527ರಲ್ಲಿ ಬಟ್ಟೆ ನೇಯುವವರು ನಗರಸಭೆಯ ಶ್ರೀಮಂತರ ವಿರುದ್ಧ ಗುಟ್ಟಾಗಿ ಸೇರಿ ಸಂಚು ಮಾಡುತ್ತಿದ್ದರು. ಕಾವಲುಗಾರರ ಕಣ್ಣು ತಪ್ಪಿಸಲು ಮಧ್ಯರಾತ್ರಿ ಗಂಟೆ ಹೊಡೆಯುವ ಹೊತ್ತಿಗೆ ಸಭೆ ಮುಗಿಸಿ ಚದುರಿಬಿಡುತ್ತಿದ್ದರು. ವಿಷಯ ತಿಳಿದವರು ಗಡಿಯಾರವನ್ನು ಏಳು ನಿಮಿಷ ಮುಂದಕ್ಕೆ ತಿರುಗಿಸಿದರು. ಗಂಟೆ ಬೇಗ ಹೊಡೆಯಿತು, ಹೊರಗೆ ಬಂದವರು ನೇರ ಕಾವಲುಗಾರರ ಕೈಗೆ ಸಿಕ್ಕರು. ಪಕ್ಕದ ಗಲ್ಲಿಗೆ ಇವತ್ತಿಗೂ ದ್ರೋಹಿಗಳ ಗಲ್ಲಿ ಅಂತಲೇ ಬೋರ್ಡು. ಗೆದ್ದವರು ಇಟ್ಟ ಹೆಸರು, ಇನ್ನೇನು. ಕೂಲಿ, ತೆರಿಗೆ ಅಂತ ಅವರಿಗೂ ಏನೋ ಸಂಕಟ ಇದ್ದಿರಬೇಕು ಪಾಪ.

ರಾತ್ರಿ ಊಟಕ್ಕೆ ಪೋಲೆಂಡಿಗೆ ಹೋದೆ. ಕೇಳಲು ದೊಡ್ಡ ಮಾತು. ಊರಿನ ಪಕ್ಕ ನೈಸ್ಸೆ ಹೊಳೆ, ಅದರ ಮೇಲೆ ಜನ ನಡೆದಾಡುವ ಸೇತುವೆ, ಎರಡು ನಿಮಿಷ ನಡೆದರೆ ಬೇರೆ ದೇಶ. 1945ರ ತನಕ ಎರಡೂ ದಡ ಒಂದೇ ಊರು. ಯುದ್ಧದ ಕೊನೆಗೆ ಜರ್ಮನ್ ಸೈನಿಕರೇ ಸೇತುವೆ ಉಡಾಯಿಸಿದರು. ಆಮೇಲೆ ಹೊಳೆಯೇ ಗಡಿಯಾಗಿ ಆಚೆಯದು ಝ್ಗೊಝೆಲೆತ್ಸ್ ಆಯಿತು. ಈಗಿನ ಸೇತುವೆ ಕಟ್ಟಿದ್ದು 2004ರಲ್ಲಿ. ಆಚೆ ದಡದಲ್ಲಿ ಯೂರೋ ಇಲ್ಲ, ಜ್ವೋಟಿ. ಬೋರ್ಡಿನಲ್ಲಿದ್ದ ರೇಟನ್ನು 21ರಿಂದ ಗುಣಿಸಿ ರೂಪಾಯಿ ಮಾಡಿಕೊಂಡೆ. ಪಿಯೆರೋಗಿ 28 ಜ್ವೋಟಿ, ಅಂದರೆ ಆರುನೂರು ರೂಪಾಯಿಯ ಒಳಗೆ. ಈಚೆ ದಡದಲ್ಲಿ ಕೂತು ತಿಂದಿದ್ದರೆ ಅದರ ಎರಡರಷ್ಟು ಆಗುತ್ತಿತ್ತು.

ಪಿಯೆರೋಗಿ ಅಂದರೆ ನಮ್ಮ ಕಡುಬಿನ ತಮ್ಮ. ಅರ್ಧಚಂದ್ರದ ಆಕಾರ, ಒಳಗೆ ಆಲೂಗಡ್ಡೆ ಮತ್ತು ಪನೀರಿನಂಥದ್ದು, ನೀರಿನಲ್ಲಿ ಬೇಯಿಸಿದ್ದು. ಇದಕ್ಕೆ ‘ರುಸ್ಕಿಯೆ’ ಅನ್ನುತ್ತಾರೆ. ಅದು ರಷ್ಯಾದ ಹೆಸರಲ್ಲ, ಈಗಿನ ಉಕ್ರೇನಿನ ಕಡೆಗೆ ಇದ್ದ ಹಳೇ ಸೀಮೆಯ ಹೆಸರು. ಆದರೂ 2022ರ ಯುದ್ಧ ಶುರುವಾದ ಮೇಲೆ ಎಷ್ಟೋ ಹೋಟೆಲಿನವರು ಮೆನುವಿನಲ್ಲಿ ಉಕ್ರೇನಿನ ಪಿಯೆರೋಗಿ ಅಂತ ಬದಲಾಯಿಸಿಬಿಟ್ಟಿದ್ದಾರೆ. ಒಳಗೆ ಮಾಂಸ ಇಲ್ಲ ಅಂತ ಸಸ್ಯಾಹಾರಿಗಳು ಸುಮ್ಮನಿರಬೇಡಿ. ಮೇಲೆ ಹಂದಿಕೊಬ್ಬಿನ ಚೂರು ಹುರಿದು ಉದುರಿಸುತ್ತಾರೆ. "ಬೆಜ್ ಮ್ಯೆಂಸಾ" ಅಂತ ಎರಡೆರಡು ಸಲ ಹೇಳಿದೆ. ಬರೀ ಈರುಳ್ಳಿ ಹುರಿದು ಹಾಕಿ ಕೊಟ್ಟರು. ಜೇಬಿನಿಂದ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿದೆ. ಹೋಟೆಲಿನಾಕೆ ನೋಡಿಯೂ ನೋಡದ ಹಾಗೆ ಹೋದರು.

ವಾಪಸ್ ಬರುವಾಗ ಸೇತುವೆಯ ಈಚೆ ತುದಿಯಲ್ಲಿ ಇಬ್ಬರು ಪೊಲೀಸರು. ಹೋಗುವಾಗ ಇರಲಿಲ್ಲ. 2023ರ ಅಕ್ಟೋಬರ್‌ನಿಂದ ಜರ್ಮನಿ ಈ ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿತ್ತು. ನನ್ನ ಮುಂದೆ ಹೋದವರನ್ನು ಬಿಟ್ಟರು, ನನ್ನನ್ನು ನಿಲ್ಲಿಸಿದರು. ಕಾರಣ ಮುಖದಲ್ಲೇ ಇತ್ತು, ಬಿಡಿ. ಪಾಸ್‌ಪೋರ್ಟ್ ಕೇಳಿದರು. ಪಾಸ್‌ಪೋರ್ಟ್ ಏನೋ ಇತ್ತು. ಇದ್ದ ಜಾಗ ಮಾತ್ರ ಕಷ್ಟದ್ದು. ಕಳ್ಳರ ಭಯಕ್ಕೆ ಅಮ್ಮ ನನ್ನ ಬನಿಯನ್ನುಗಳಿಗೆಲ್ಲ ಒಳಗಡೆ ಜೇಬು ಹೊಲಿದು, ಮೇಲೊಂದು ಪಿನ್ನು ಸಿಕ್ಕಿಸಿ ಕಳಿಸಿದ್ದಳು. ಜಾಕೆಟ್ ಜಿಪ್ ಎಳೆದೆ. ಸ್ವೆಟರ್ ಎತ್ತಿ ಗಲ್ಲದ ಕೆಳಗೆ ಸಿಕ್ಕಿಸಿಕೊಂಡೆ. ಅಂಗಿಯ ಗುಂಡಿ ಬಿಚ್ಚಿದೆ. ಆ ಚಳಿಯಲ್ಲಿ ಬೆರಳಿಗೆ ಪಿನ್ನು ಸಿಗುತ್ತಲೇ ಇಲ್ಲ. ಮಹಿಳಾ ಪೊಲೀಸ್ ಹೊಳೆಯ ಕಡೆ ತಿರುಗಿ ನಿಂತರು. ಕೊನೆಗೆ ಪಾಸ್‌ಪೋರ್ಟ್ ಕೈಗಿಟ್ಟಾಗ ಬಿಸಿ ಬಿಸಿ ಇತ್ತು. ಹುಡುಗ ಪೊಲೀಸ್ ವೀಸಾ ನೋಡಿ, "ಇಂಡಿಯಾದಿಂದ ಗೊರ್ಲಿಟ್ಸ್‌ಗೆ? ಯಾಕೆ?" ಅಂದ. ಅಗ್ಗ ಅಂತ ಹೇಳುವುದಕ್ಕಾಗುತ್ತಾ? ಚೆಂದದ ಊರು ಅಂದೆ. ಸುಳ್ಳೇನಲ್ಲ.

ಹಾಸ್ಟೆಲ್‌ಗೆ ಬಂದು ಮಲಗಿದೆ. ಫೋನು ಬಾರಿಸಿದಾಗ ಇಡೀ ರೂಮು ಕತ್ತಲು.

"ಎದ್ಯೇನೋ?"

ಮೇಲಿನ ಹಾಸಿಗೆಯಿಂದ ಯಾವುದೋ ಭಾಷೆಯ ಬೈಗುಳ. ಕಾರಿಡಾರಿಗೆ ಓಡಿ ಬಂದು ಫೋನು ನೋಡಿದರೆ ಐದೂವರೆ. ಅಮ್ಮನಿಗೆ ಹತ್ತು. ಅರ್ಧ ನಿಮಿಷ ನನಗೇ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು. ಅಕ್ಟೋಬರಿನ ಕೊನೆಯ ಭಾನುವಾರ, ಬೇಸಿಗೆಗೆ ಅಂತ ಒಂದು ಗಂಟೆ ಮುಂದಿಟ್ಟಿದ್ದ ಗಡಿಯಾರವನ್ನು ವಾಪಸ್ ಹಿಂದಕ್ಕೆ ತರುವ ದಿನ. ಬೆಳಗಿನ ಜಾವ ಮೂರು ಗಂಟೆಯನ್ನು ಇಡೀ ಜರ್ಮನಿ ಎರಡು ಮಾಡಿಕೊಂಡಿತ್ತು.

"ಗಡಿಯಾರನ ಹಿಂದಕ್ಕೆ ತಿರುಗಿಸ್ತಾರಾ? ಸರ್ಕಾರದೋರಾ?" ಅಮ್ಮನಿಗೆ ನಂಬಿಕೆಯೇ ಇಲ್ಲ. "ನೀನೇ ಲೇಟಾಗಿ ಮಲಗಿರ್ತೀಯ, ಅದಕ್ಕೆ ಹೀಗೆಲ್ಲಾ ಹೇಳ್ತೀಯ."

ಮತ್ತೆ ನಿದ್ದೆ ಬರಲಿಲ್ಲ. ಜಾಕೆಟ್ ಹಾಕಿಕೊಂಡು ಹೊಳೆ ದಂಡೆಯ ಪಾರ್ಕಿಗೆ ನಡೆದೆ. ನೋಡಬೇಕು ಅಂದುಕೊಂಡಿದ್ದ ಒಂದು ಕಲ್ಲು ಅಲ್ಲಿತ್ತು. 15 ಡಿಗ್ರಿ ಪೂರ್ವ ರೇಖಾಂಶ ಈ ಊರಿನ ಮೇಲೆಯೇ ಹಾದುಹೋಗುತ್ತದೆ. ಅದರ ಗುರುತಿಗೆ ನೆಟ್ಟ ಕಲ್ಲು. 1893ರ ಏಪ್ರಿಲ್ 1ರಿಂದ ಜರ್ಮನಿಯ ಗಡಿಯಾರಗಳೆಲ್ಲ ನಡೆಯುತ್ತಿರುವುದು ಈ ಗೆರೆಯ ಲೆಕ್ಕದಲ್ಲಿ. ನಮ್ಮ ಗಡಿಯಾರದ ಗೆರೆ ಮಿರ್ಜಾಪುರದ ಹತ್ತಿರ, 82.5 ಡಿಗ್ರಿಯಲ್ಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 82.5ರಲ್ಲಿ 15 ಕಳೆದರೆ 67.5. ಅದನ್ನು 15ರಿಂದ ಭಾಗಿಸಿದರೆ ಸರಿಯಾಗಿ ನಾಲ್ಕೂವರೆ. ಕತ್ತಲಲ್ಲಿ ಕಲ್ಲಿನ ಪಕ್ಕ ನಿಂತು ಫೋನಿನಲ್ಲಿ ಎರಡು ಸಲ ಲೆಕ್ಕ ಮಾಡಿದೆ. ಹಾಗಾದರೆ ಅಮ್ಮ ಇಷ್ಟು ದಿನ ಕಳೆಯುತ್ತಿದ್ದ ಮೂರೂವರೆ ಬೇಸಿಗೆಗೆ ಅಂತ ಮಾಡಿಕೊಂಡ ಲೆಕ್ಕ. ಸೂರ್ಯನ ಲೆಕ್ಕ ಇವತ್ತಿನಿಂದ ಶುರು. ಆರೂಮುಕ್ಕಾಲಿನ ಹೊತ್ತಿಗೆ ಪೋಲೆಂಡಿನ ಕಡೆಯಿಂದ ಬೆಳಕು ಹರಿಯಿತು.

ಇದನ್ನೆಲ್ಲ ಅಮ್ಮನಿಗೆ ಫೋನು ಮಾಡಿ ಉತ್ಸಾಹದಿಂದ ವಿವರಿಸಿದೆ. ಇನ್ನು ಮೇಲೆ ನಾಲ್ಕೂವರೆ ಕಳೆ, ಹನ್ನೊಂದು ಗಂಟೆಗೆ ಮಾಡು ಅಂದೆ.

"ಬುಧವಾರ ಬರ್ತೀಯಲ್ಲ? ಇನ್ನು ಎರಡು ದಿನಕ್ಕೆ ಯಾರು ಹೊಸ ಲೆಕ್ಕ ಕಲೀತಾರೆ, ಹೋಗೋ."

ಮಧ್ಯಾಹ್ನದ ರೈಲಿಗೆ ಪೋಲೆಂಡಿನ ವ್ರೊತ್ಸ್ವಾಫ್‌ಗೆ ಹೋದೆ. ಚಿಕ್ಕ ಊರಲ್ಲ, ಆದರೆ ವಿಮಾನ ಅಲ್ಲಿಂದ ಇತ್ತು. ಎಂಟು ಜನರ ರೂಮು. ಸೋಮವಾರ ಬೆಳಗಿನ ಜಾವ ಐದು ಇಪ್ಪತ್ತೈದಕ್ಕೇ ಎದ್ದು, ಫೋನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ. ಐದೂವರೆಗೆ ಬಂತು.